ರಾಮಲಿಂಗನ ಆನಿ ಮಿಷನ್

ರಾಮಲಿಂಗನ ಬಗ್ಗೆ ಬರೆಯಲು ನನಗಿಂತ ಯೋಗ್ಯರು ಶಹಾಪುರದಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೆ ಅವನಿಗೆ ಮಾಡಬಾರದ್ದನ್ನು ಮಾಡಿದವನು ನಾನೊಬ್ಬನೇ ಆದ್ದರಿಂದ ಈ ಕೆಲಸ ನನ್ನ ಪಾಲಿಗೆ ಬಂದಿದೆ. ನನ್ನ ಹೆಸರು ಅಯ್ಯಣ್ಣ. ಹುಟ್ಟಿದ್ದು ಸುರಪುರ. ಶಹಾಪುರದ ಒಂದು ಸರಕಾರಿ ಕಚೇರಿಯಲ್ಲಿ ಹೆಡ್ ಕ್ಲಾರ್ಕ್ ಆಗಿ ನಿವೃತ್ತನಾದೆ. ಯಾವ ಇಲಾಖೆ ಎಂದು ಹೇಳುವುದಿಲ್ಲ. ಎಲ್ಲ ಇಲಾಖೆಯವರೂ ತಮ್ಮದೇ ಎಂದುಕೊಳ್ಳಲಿ, ಯಾರಿಗೂ ಅನ್ಯಾಯವಾಗುವುದಿಲ್ಲ.

ನಮ್ಮ ಕಚೇರಿಯ ಕಿಟಕಿಯಿಂದ ಬುದ್ಧ ಮಲಗಿದ ಬೆಟ್ಟ ಕಾಣುತ್ತದೆ. ದೂರದಿಂದ ಜನ ಅದರ ಫೋಟೋ ತೆಗೆಯಲು ಬರುತ್ತಾರೆ. ನಾವು ದಿನವೂ ನೋಡಿ ನೋಡಿ ಬುದ್ಧನಿಂದ ಬೇರೇನನ್ನೂ ಕಲಿಯದಿದ್ದರೂ ಮಲಗುವುದನ್ನು ಮಾತ್ರ ಚೆನ್ನಾಗಿ ಕಲಿತಿದ್ದೆವು.

ರಾಮಲಿಂಗ ಅಲ್ಲಿ ಎರಡನೇ ದರ್ಜೆಯ ಗುಮಾಸ್ತ. ವನದುರ್ಗದ ಕೂಲಿ ಮಾಡುವವರ ಮನೆಯ ಹುಡುಗ, ಒಣಕಲು ಆಳು, ಮಾತು ಕಡಿಮೆ. ಟಪಾಲು ಅವನ ಕೆಲಸ. ಬಂದ ಕಾಗದಕ್ಕೆ ನಂಬರು ಹಾಕಬೇಕು, ಪಂಚಿಂಗ್ ಮಷೀನಿನಿಂದ ಎರಡು ತೂತು ಹೊಡೆಯಬೇಕು, ಫೈಲಿನ ದಾರಕ್ಕೆ ಪೋಣಿಸಬೇಕು. ಹತ್ತೊಂಬತ್ತು ವರ್ಷ ಅವನು ಇದನ್ನೇ ಮಾಡಿದ. ಅದರ ನಡುವೆ ರದ್ದಾದ ನಮೂನೆಗಳ ಹಿಂಬದಿಯಲ್ಲಿ ಚಿತ್ರ ಬಿಡಿಸುತ್ತಿದ್ದ. ನಾನು ಕಂಡೂ ಕಾಣದಂತೆ ಇರುತ್ತಿದ್ದೆ. ಕಚೇರಿಯಲ್ಲಿ ಕೆಲಸ ಮಾಡದೇ ಇರಲು ಆರಿಸಿಕೊಂಡ ದಾರಿಗಳಲ್ಲಿ ಅದೇ ಎಲ್ಲಕ್ಕಿಂತ ನಿಶ್ಶಬ್ದವಾದದ್ದು.

ನನ್ನ ಕೆಲಸ ಇನ್ನೂ ದೊಡ್ಡದು. ನಾನು ಕನ್ನಡ ತಿದ್ದುತ್ತಿದ್ದೆ. ನೌಕರಿಗೆ ಸೇರಿದ ಹೊಸದರಲ್ಲಿ ಮೈಸೂರಿಗೆ ತರಬೇತಿಗೆ ಹೋದಾಗ ‘ಚಾದಾಗ ಸಕ್ಕರಿ ಕಡಿಮಿ ಐತ್ರಿ’ ಎಂದುಬಿಟ್ಟೆ. ಇಡೀ ತರಗತಿ ನಕ್ಕಿತು. ಆ ನಗು ಮೂವತ್ತು ವರ್ಷ ನನ್ನ ಕಿವಿಯಲ್ಲಿ ಕೂತಿತ್ತು. ಅಂದಿನಿಂದ ಕೆಂಪು ಶಾಯಿಯ ಪೆನ್ನು ಹಿಡಿದು ಕೂತೆ. ನಮ್ಮ ಕಡೆಯವರು ‘ಇ’ ಎಂದು ಮುಗಿಸಿದ್ದನ್ನೆಲ್ಲ ‘ಎ’ ಮಾಡುತ್ತಿದ್ದೆ. ಕುದುರಿ ಕಂಡರೆ ಕುದುರೆ, ಕತ್ತಿ ಕಂಡರೆ ಕತ್ತೆ. ಒಮ್ಮೆ ಕೊಯ್ಯುವ ಕತ್ತಿಯನ್ನೂ ಕತ್ತೆ ಮಾಡಿ, ಹುಲ್ಲು ಕೊಯ್ಯಲು ನಾಲ್ಕು ಕತ್ತೆ ಬೇಕೆಂದು ಬೇಡಿಕೆ ಕಳಿಸಿದ್ದೆ. ಮೇಲಿನವರು ಓದದೆ ಮಂಜೂರು ಮಾಡಿದರು. ಹೀಗಾಗಿ ನನ್ನ ಕನ್ನಡದಲ್ಲಿ ತಪ್ಪಿಲ್ಲವೆಂಬ ಹೆಸರು ಉಳಿಯಿತು.

ರಾಮಲಿಂಗ ಕೊಟ್ಟ ಮೊದಲ ರಜೆ ಚೀಟಿ ನನಗಿನ್ನೂ ನೆನಪಿದೆ. ‘ಅವ್ವಗ ಆರಾಮಿಲ್ಲ, ಮನಿಗಿ ಹೋಗಬೇಕಾಗಿದೆ’ ಎಂದು ಬರೆದಿದ್ದ. ನಾನು ‘ಮನಿಗಿ’ಗೆ ಕೆಂಪು ಸುತ್ತು ಹಾಕಿ, ‘ಮನೆಗೆ’ ಎಂದು ಬರೆದು ವಾಪಸು ಕೊಟ್ಟೆ. ಅವನು ಹೊಸ ಹಾಳೆಯಲ್ಲಿ ಬರೆದು ತರುವಷ್ಟರಲ್ಲಿ ವನದುರ್ಗದ ಬಸ್ಸು ಹೋಗಿತ್ತು. ಅವನು ನಡೆದು ಹೋದನಂತೆ. ಕಲಿಯಲಿ ಎಂದುಕೊಂಡೆ.

ಅವನ ಅವ್ವ ಮರಿಲಿಂಗಮ್ಮ. ನೆಲದ ಮೇಲೆ ಇಷ್ಟು ವರ್ಷ ಬಗ್ಗಿ ನಾಟಿ ಹಚ್ಚಿ ಈಗ ಶಹಾಪುರದ ಮಗನ ಮನೆಯಲ್ಲಿ ಗೋಡೆ ಹಿಡಿದು ನಡೆಯುವ ಮುದುಕಿ. ಆದರೆ ವಯಸ್ಸಿನಲ್ಲಿ ಅವಳ ನಡಿಗೆ ವನದುರ್ಗದಲ್ಲೆಲ್ಲ ಹೆಸರಾಗಿತ್ತಂತೆ. ತಲೆ ಮೇಲೆ ಹುಲ್ಲಿನ ಹೊರೆ, ಕೈ ಹಿಡಿಯುವುದಿಲ್ಲ, ಎರಡೂ ಕೈ ಬೀಸಿಕೊಂಡು ಬರುತ್ತಿದ್ದಳು. ಮುಖ ಕಾಣುವ ಮೊದಲೇ ಜನ ‘ಮರಿಲಿಂಗಮ್ಮ ಬಂದ್ಳು’ ಎನ್ನುತ್ತಿದ್ದರು. ಕಳೆದ ವರ್ಷ ಸಂಕ್ರಮಣದ ಮುಂದೆ ರಾಮಲಿಂಗ ಅವಳನ್ನು ಯಾದಗಿರಿಗೆ ಕಣ್ಣು ತೋರಿಸಲು ಕರೆದೊಯ್ದ. ಒಳಗಿನ ನರ ಒಣಗುತ್ತಿದೆ, ಕನ್ನಡಕದಿಂದ ಆಗುವುದಲ್ಲ, ಆರು ತಿಂಗಳೋ ಎಂಟು ತಿಂಗಳೋ ಕಂಡರೆ ಹೆಚ್ಚು ಎಂದರು ಡಾಕ್ಟರು. ಬಸ್ಸಿನಲ್ಲಿ ವಾಪಸು ಬರುವಾಗ ಮುದುಕಿ ಅಳಲಿಲ್ಲ.

‘ಊರಾಗ ಎಲ್ಲಾರನ್ನೂ ನೋಡೀನಪ್ಪ,’ ಅಂದಳಂತೆ. ‘ನಾ ನಡಿಯೋದು ಒಂದು ನೋಡಿಲ್ಲ. ಮಂದಿ ಎಲ್ಲಾ ನೋಡ್ಯಾರ, ನಾನಾ ನೋಡಿಲ್ಲ.’

ಬೇರೆ ಮಗನಾಗಿದ್ದರೆ ಒಂದು ನಿಟ್ಟುಸಿರು ಬಿಟ್ಟು ಕಿಟಕಿಯ ಕಡೆ ತಿರುಗುತ್ತಿದ್ದ. ಇವನು ಯಂತ್ರ ಮಾಡಲು ಕೂತ. ಅವ್ವನ ಹಳೆಯ ಫೋಟೋ ಒಂದೂ ಇರಲಿಲ್ಲ. ಅದಕ್ಕೆ ಅವಳನ್ನು ಚಿತ್ರದಲ್ಲಿ ಬಿಡಿಸಿ, ಆ ಚಿತ್ರವನ್ನು ನಡೆಸಬೇಕು ಎಂಬುದು ಅವನ ಲೆಕ್ಕ. ಒಂದೊಂದು ಹಾಳೆಯಲ್ಲಿ ಕಾಲು ಒಂದಿಷ್ಟೇ ಮುಂದೆ ಇಟ್ಟಂತೆ ಬಿಡಿಸಬೇಕು, ಒಂದೊಂದನ್ನೂ ಕ್ಯಾಮೆರಾ ಕೆಳಗಿಟ್ಟು ಫೋಟೋ ಹೊಡೆಯಬೇಕು, ಎಲ್ಲವನ್ನೂ ಜೋಡಿಸಿ ಓಡಿಸಬೇಕು. ಒಂದು ಸೆಕೆಂಡಿಗೆ ಹನ್ನೆರಡು ಹಾಳೆ. ಒಂದೂವರೆ ನಿಮಿಷದ ಸಿನಿಮಾಕ್ಕೆ ಒಂದು ಸಾವಿರದ ಎಂಬತ್ತು.

ಬಸ್ ಸ್ಟ್ಯಾಂಡ್ ಎದುರಿನ ಫೋಟೋ ಸ್ಟುಡಿಯೋದ ಮೈನುದ್ದೀನನ ಬಳಿ ರೀಲಿನ ಕಾಲದ ಎನ್‌ಲಾರ್ಜರ್ ಒಂದಿತ್ತು. ಸಣ್ಣ ನೆಗೆಟಿವ್ ಇಟ್ಟು ದೊಡ್ಡ ಫೋಟೋ ಮಾಡುವ ಸಾಮಾನು. ಎದೆಯುದ್ದದ ಉಕ್ಕಿನ ಕಂಬ, ಹಿಡಿಕೆ ತಿರುವಿದರೆ ತಲೆ ಮೇಲೆ ಕೆಳಗೆ ಆಗುತ್ತದೆ.

‘ಅಂಗಿ ಒಣಗ ಹಾಕಾಕ ಇಟ್ಟಿದ್ದೆ,’ ಎಂದ ಮೈನುದ್ದೀನ. ‘ಒಯ್ಯೋ ಮಾರಾಯ. ಬೇಕಾದ್ರ ಹಳೇ ಡಿಜಿಟಲ್ ಕ್ಯಾಮೆರಾನೂ ಒಯ್ಯಿ. ಮದಿವಿ ಮಂದಿ ಅದನ್ನ ನೋಡಿದ್ರ ಹೊಡಿಯಾಕ ಬರ್ತಾರ.’

ರಾಮಲಿಂಗ ಕಂಬವನ್ನು ಕಚೇರಿಯ ಮೂಲೆಗೆ ಬಿದ್ದಿದ್ದ ಸಾಗುವಾನಿ ಮೇಜಿಗೆ ಬಿಗಿದ. ಅದರ ತಲೆ ಕಿತ್ತು ಕ್ಯಾಮೆರಾ ಬೋರಲು ಕಟ್ಟಿದ. ಹಾಳೆ ಎದ್ದೇಳದಂತೆ ಒತ್ತಲು ಗಾಜು ಬೇಕಿತ್ತು. ಅದು ನನ್ನ ಮೇಜಿನ ಹಳೆಯ ಗಾಜು. ಮೂಲೆ ಮುರಿದಿದ್ದರಿಂದ ನನಗೆ ಹೊಸದು ಬಂದಿತ್ತು. ಎಷ್ಟೋ ವರ್ಷ ದೇವರ ಪಟ, ರಜೆಗಳ ಪಟ್ಟಿ, ನನ್ನ ಮೊಣಕೈ, ಇಷ್ಟನ್ನೇ ಹೊತ್ತಿದ್ದ ಆ ಗಾಜು ಮೊದಲ ಸಲ ದುಡಿಯಲು ಹೊರಟಿತು.

ಈ ಕಸುಬಿನಲ್ಲಿ ಎಲ್ಲಕ್ಕಿಂತ ಕಷ್ಟದ್ದು, ಪ್ರತಿ ಹಾಳೆ ಅದೇ ಜಾಗದಲ್ಲಿ, ಕೂದಲೆಳೆಯೂ ಸರಿಯದಂತೆ ಕೂರಬೇಕು. ಇಲ್ಲವಾದರೆ ಬೆಟ್ಟ ಗುಡ್ಡವೆಲ್ಲ ಕುಣಿಯುತ್ತವೆ. ದೊಡ್ಡ ಊರುಗಳಲ್ಲಿ ಇದಕ್ಕೆಂದೇ ಸಾಮಾನು ಸಿಗುತ್ತದಂತೆ. ರಾಮಲಿಂಗನಿಗೆ ಅದು ಬೇಕಾಗಲಿಲ್ಲ. ಹತ್ತೊಂಬತ್ತು ವರ್ಷ ತೂತು ಹೊಡೆದವನು. ಪಂಚಿಂಗ್ ಮಷೀನಿನ ಎರಡು ತೂತು ಯಾವ ಹಾಳೆಗಾದರೂ ಒಂದೇ ಅಂತರದಲ್ಲಿ ಬೀಳುತ್ತವೆ. ಅಷ್ಟೇ ಅಂತರಕ್ಕೆ ಎರಡು ಸರಳಿನ ತುಂಡು ನಿಲ್ಲಿಸಿದ. ಹಾಳೆ ಪೋಣಿಸಿದರೆ ಮುಗಿಯಿತು, ಅಲ್ಲಾಡುವುದಿಲ್ಲ. ಸರಕಾರ ಆ ಮಷೀನು ಕೊಂಡ ದಿನದಿಂದ ಅದರಿಂದ ಆದ ಒಂದೇ ಉಪಯೋಗ ಇದು ಎಂದು ನಾನು ಈಗ ಹೇಳಬಲ್ಲೆ.

‘ಏನಪ್ಪಾ ಇದು?’ ಎಂದು ಕಸ ಹೊಡೆಯುವ ಹನುಮಮ್ಮ ಕೇಳಿದಳು.

‘ಆನಿಮೇಷನ್ ಸ್ಟ್ಯಾಂಡ್.’

ಹನುಮಮ್ಮನ ಕಿವಿಗೆ ಅದು ಹೇಗೆ ಬೀಳಬೇಕೋ ಹಾಗೇ ಬಿತ್ತು. ಸಂಜೆಯೊಳಗೆ ‘ರಾಮಲಿಂಗಪ್ಪ ಆನಿ ಮಿಷನ್ ಮಾಡ್ಯಾನ್ರಿ’ ಎಂಬ ಸುದ್ದಿ ತಹಸೀಲಿನವರೆಗೆ ಹೋಯಿತು. ಆನೆ ಎಂಬುದನ್ನು ‘ಆನಿ’ ಎನ್ನುವ ಊರಿನಲ್ಲಿ ಬೇರೇನು ಆಗಲು ಸಾಧ್ಯ? ಸೋಮವಾರ ಸಂತೆಗೆ ಬಂದವರು ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ಆನೆ ನೋಡಲು ಬಂದರು. ಒಬ್ಬಳು ಬಾಳೆಹಣ್ಣನ್ನೂ ತಂದಿದ್ದಳು.

ಜನ ಸೇರತೊಡಗಿದ್ದರಿಂದ ರಾಮಲಿಂಗ ಸ್ಟ್ಯಾಂಡನ್ನು ಮನೆಗೆ ಒಯ್ದ, ಮೊದಲ ಪರೀಕ್ಷೆ ಅಲ್ಲೇ ಆಯಿತು. ಪಕ್ಕದಲ್ಲೇ ಹಿಟ್ಟಿನ ಗಿರಣಿ. ಅದು ಶುರುವಾದರೆ ನೆಲ, ಗೋಡೆ, ಕ್ಯಾಮೆರಾ ಎಲ್ಲ ಅದರುತ್ತಿದ್ದವು. ಇಪ್ಪತ್ತು ಸೆಕೆಂಡಿನಷ್ಟು ಮಾಡಿ ಅವ್ವನಿಗೆ ತೋರಿಸಿದ. ಮುದುಕಿ ಮೊಬೈಲನ್ನು ಕಣ್ಣಿನ ಹತ್ತಿರಕ್ಕೆ ಹಿಡಿದು ನೋಡಿದಳು.

‘ಇದು ನಾನಲ್ಲ,’ ಅಂದಳು. ‘ಯಾವನೋ ಹೊಟ್ಟಿ ಮುಂದ ಬಿಟ್ಟು ಹಿಮ್ಮಡ ಕುಟ್ಟಿಕೋತ ಹೊಂಟಾನ. ಚಳಿಜ್ವರ ಬ್ಯಾರೆ ಬಂದಂಗದ. ಅವನ ತಲಿ ಮ್ಯಾಲ ಹೊರಿ ಯಾಕ ಇಟ್ಟೀಯೋ, ಪಾಪ, ಬೀಳ್ತಾನ.’

ಚಳಿಜ್ವರ ಗಿರಣಿಯದು. ಹೊಟ್ಟೆ ಮತ್ತು ಹಿಮ್ಮಡಿ ನನ್ನವು. ಹತ್ತೊಂಬತ್ತು ವರ್ಷ ಅವನ ಮೇಜಿನ ಮುಂದೆ ಹಿಂದಕ್ಕೂ ಮುಂದಕ್ಕೂ ಓಡಾಡಿದವನು ನಾನೊಬ್ಬನೇ. ಕೈ ತನಗೆ ಗೊತ್ತಿದ್ದ ನಡಿಗೆಯನ್ನೇ ಬಿಡಿಸಿತ್ತು. ಅದು ಹೆಡ್ ಕ್ಲಾರ್ಕನ ನಡಿಗೆ ಎಂದು ರಾಮಲಿಂಗನೇ ಅವ್ವನ ಮುಂದೆ ಒಪ್ಪಿಕೊಂಡನಂತೆ. ರಾಮಲಿಂಗನ ಹೆಂಡತಿ ದುರ್ಗಾ ಇದನ್ನು ನಗುತ್ತ ಹನುಮಮ್ಮನಿಗೆ ಹೇಳಿದಳು, ಹನುಮಮ್ಮ ಇಡೀ ಕಚೇರಿಗೆ ಹೇಳಿದಳು. ವಾರಗಟ್ಟಲೆ ನಾನು ಎದ್ದು ನಾಲ್ಕು ಹೆಜ್ಜೆ ಇಟ್ಟರೆ ಸಾಕು, ಫೈಲುಗಳ ಹಿಂದೆ ಕೆಮ್ಮು ಕೇಳುತ್ತಿತ್ತು. ನಾನು ಮೇಲೆ ನಕ್ಕೆ. ಒಳಗೆ ನಗಲಿಲ್ಲ. ಈ ಮಾತನ್ನು ಓದುವವರು ನೆನಪಿಟ್ಟುಕೊಳ್ಳಬೇಕು.

ರಾಮಲಿಂಗ ಎಲ್ಲ ಹಾಳೆ ಬದಿಗಿಟ್ಟ. ಮೂರು ಭಾನುವಾರ ವನದುರ್ಗಕ್ಕೆ ಹೋಗಿ ಕಾಲುವೆಯ ದಂಡೆಯ ಮೇಲೆ ಕೂತು, ಹೊರೆ ಹೊತ್ತು ಬರುವ ಹೆಂಗಸರ ನಡಿಗೆ ನೋಡಿದ. ಮೂರನೆಯ ವಾರ ಒಬ್ಬಳು ಹೊರೆ ಇಳಿಸಿ ಸೊಂಟಕ್ಕೆ ಕೈಯಿಟ್ಟು ನಿಂತಳು.

‘ಯಾಕೋ, ನಿನಗ ಅವ್ವ ಅಕ್ಕ ಯಾರೂ ಇಲ್ಲೇನು?’

‘ಅವ್ವ ಅದಾಳ್ರಿ. ಅದಕ್ಕಾ ನೋಡಾಕತ್ತೀನಿ.’

ಅವಳು ಬಡಿಯಲಿಲ್ಲ. ಬದಲಿಗೆ ಅವನ ಮುಂದೆ ಎರಡು ಸಲ ನಡೆದು ತೋರಿಸಿದಳಂತೆ. ಆಮೇಲೆ ಅವನು ಸಾವಿರದ ಎಂಬತ್ತು ಹಾಳೆಗಳನ್ನು ಹೊಸದಾಗಿ ಬಿಡಿಸಲು ಶುರುಮಾಡಿದ. ಫೋಟೋ ಹೊಡೆಯಲು ಮಾತ್ರ ಅದುರದ ಜಾಗ ಬೇಕು. ನಮ್ಮ ದಾಖಲೆ ಕೊಠಡಿಯ ಗೋಡೆ ಎರಡು ಮೊಳ ದಪ್ಪ. ಗೆದ್ದಲುಗಳ ಹೊರತು ಒಳಗೆ ಯಾರೂ ಹೋಗುತ್ತಿರಲಿಲ್ಲ.

‘ಎರಡು ತಿಂಗಳು ಸ್ಟ್ಯಾಂಡ್ ಅಲ್ಲಿ ಇಟ್ಕೋತೀನ್ರಿ ಸರ್ರ,’ ಎಂದು ಕೇಳಿದ.

‘ಇಟ್ಟುಕೋ. ಆದರೆ ಅರ್ಜಿ ಕೊಡು,’ ಎಂದೆ.

ಕೊಟ್ಟ. ದಾಖಲೆ ಕೊಠಡಿಯಲ್ಲಿ ತನ್ನ ಆನಿಮೇಷನ್ ಸ್ಟ್ಯಾಂಡ್ ಇಡಲು ಅನುಮತಿ ಬೇಕು, ತಾಯಿಯ ಕಣ್ಣು ಪೂರ್ತಿ ಹೋಗುವ ಮೊದಲು ಆಕೆಗೆ ಆಕೆಯ ನಡಿಗೆ ತೋರಿಸಬೇಕಾಗಿದೆ ಎಂದು ಬರೆದಿದ್ದ. ನಾನು ಕೆಂಪು ಪೆನ್ನು ತೆಗೆದೆ. ಕಾರ್ಟೂನ್ ಎಂದು ಬರೆದಿದ್ದರೆ ನನಗೂ ತಿಳಿಯುತ್ತಿತ್ತೇನೋ. ಆದರೆ ಎರಡು ತಿಂಗಳಿಂದ ಎಲ್ಲರ ಬಾಯಲ್ಲೂ ಆನಿ ಮಿಷನ್ ಎಂದೇ ಕೇಳಿದ್ದೆ. ಆನೆಗೂ ಅದಕ್ಕೂ ಏನು ಸಂಬಂಧ ಎಂದು ಕೇಳಿಕೊಳ್ಳಲಿಲ್ಲ. ಕಚೇರಿಯಲ್ಲಿ ಮೂವತ್ತು ವರ್ಷ ಕಳೆದವನಿಗೆ ಅಂಥ ಅಭ್ಯಾಸ ತಪ್ಪಿರುತ್ತದೆ. ‘ಆನಿಮೇಷನ್’ಗೆ ದೊಡ್ಡ ಕೆಂಪು ಸುತ್ತು ಹಾಕಿದೆ. ಅದರ ‘ಆನಿ’ಯನ್ನು ‘ಆನೆ’ ಮಾಡಿದೆ. ಮಿಷನ್ ಕನ್ನಡವಲ್ಲ ಎಂದು ‘ಯಂತ್ರ’ ಮಾಡಿದೆ. ತಾಯಿಯ ಕಣ್ಣಿನ ಸಾಲನ್ನು ಪೂರ್ತಿ ಹೊಡೆದುಹಾಕಿ ಪಕ್ಕದಲ್ಲಿ ‘ಅಪ್ರಸ್ತುತ’ ಎಂದು ಬರೆದೆ. ಶುದ್ಧ ಪ್ರತಿ ತೆಗೆಸಿ, ಸಾಹೇಬರ ಸಹಿ ಹಾಕಿಸಿ, ಯಾದಗಿರಿಯ ಮೇಲಿನ ಕಚೇರಿಗೆ ಕಳಿಸಿದೆ. ತಿದ್ದಿದ ಹಾಳೆಯನ್ನು ರಾಮಲಿಂಗನ ರದ್ದಿಯ ಕಟ್ಟಿನ ಮೇಲೆ ಎಸೆದೆ.

ಉತ್ತರ ಬರುವುದಿಲ್ಲ ಎಂಬ ಧೈರ್ಯ ನಮಗಿತ್ತು. ರಾಮಲಿಂಗ ಮೇ ತಿಂಗಳಲ್ಲಿ ಸ್ಟ್ಯಾಂಡ್ ಒಳಗಿಟ್ಟ. ಊಟದ ಬಿಡುವಿನಲ್ಲಿ, ಕಚೇರಿ ಮುಗಿದ ಮೇಲೆ ಒಂದು ತಾಸು ಕೆಲಸ. ಶಹಾಪುರದ ಮೇ ತಿಂಗಳು, ಕಿಟಕಿಯಿಲ್ಲದ ಕೊಠಡಿ, ನಾಲ್ಕು ದೊಡ್ಡ ಬಲ್ಬು. ಹಾಳೆ ಹಾರುತ್ತವೆಂದು ಫ್ಯಾನು ಹಾಕುವಂತಿಲ್ಲ. ಬನಿಯನ್ನಿನ ಮೇಲೆ ಒದ್ದೆ ಟವಲು ಹೊದ್ದು ಒಳಗೆ ಹೋಗುತ್ತಿದ್ದ. ಹಾಳೆ ಪೋಣಿಸು, ಗಾಜು ಒತ್ತು, ಹೊಡೆ, ತೆಗೆ. ಹೊರಗೆ ನಾವು ಕೂಲರ್ ಮುಂದೆ ಕೂತು ಅವನಿಗೆ ಹುಚ್ಚು ಎಂದು ತೀರ್ಮಾನಿಸಿದೆವು. ಮೊದಲ ಭಾಗದಲ್ಲಿ ವನದುರ್ಗದ ಕೋಟೆ, ಕಾಲುದಾರಿ, ಒಂದು ಬೇವಿನ ಮರ. ಅವ್ವ ಬರುವುದು ಆಮೇಲೆ. ಅರ್ಧ ತೋರಿಸಿದರೆ ಮತ್ತೆ ಹೆಡ್ ಕ್ಲಾರ್ಕ್ ಎನ್ನುತ್ತಾಳೆಂದು ಮುದುಕಿಗೆ ಏನನ್ನೂ ತೋರಿಸಿರಲಿಲ್ಲ.

ಜೂನ್ ಮೊದಲ ವಾರ ಯಾದಗಿರಿಯಿಂದ ಪತ್ರ ಬಂತು. ಕಚೇರಿಯ ಇತಿಹಾಸದಲ್ಲಿ ಅಷ್ಟು ಬೇಗ ಬಂದ ಉತ್ತರ ಬೇರೊಂದಿಲ್ಲ. ಸದರಿ ಆನೆ ಯಂತ್ರವು ಆನೆಯನ್ನು ಎತ್ತುವ ಯಂತ್ರವೋ ಅಥವಾ ಆನೆಯಿಂದ ನಡೆಯುವ ಯಂತ್ರವೋ ಸ್ಪಷ್ಟಪಡಿಸುವುದು. ಅರಣ್ಯ ಇಲಾಖೆಯ ನಿರಾಕ್ಷೇಪಣಾ ಪತ್ರ ಲಗತ್ತಿಸುವುದು. ದಾಖಲೆ ಕೊಠಡಿಯ ಬಾಗಿಲಿನ ಎತ್ತರ, ಅಗಲ ತಿಳಿಸುವುದು.

ಅದನ್ನು ಓದಿದ ಕೂಡಲೇ ನನಗೆ ಎಲ್ಲ ಹೊಳೆಯಿತು. ‘ಆನೆ ಯಂತ್ರ ಎಂಬುದನ್ನು ಆನಿಮೇಷನ್ ಸ್ಟ್ಯಾಂಡ್ ಎಂದು ಓದಿಕೊಳ್ಳುವುದು’ ಎಂದು ಒಂದು ಸಾಲಿನ ತಿದ್ದುಪಡಿ ಸಾಕಿತ್ತು. ಇಡೀ ಜಿಲ್ಲೆಯ ಕನ್ನಡ ತಿದ್ದಿದವನು ನಾನು, ಆ ಒಂದು ಸಾಲು ಬರೆಯಲಾರದೆ ಹೋದೆ. ನಿವೃತ್ತಿಗೆ ಮೂರು ತಿಂಗಳಿತ್ತು. ಅಯ್ಯಣ್ಣನ ಕನ್ನಡದಲ್ಲಿ ತಪ್ಪು ಹುಡುಕಲಾಗದು ಎಂಬ ಮಾತನ್ನು ಬೀಳ್ಕೊಡುಗೆ ಸಭೆಯಲ್ಲಿ ಕೇಳುವ ಆಸೆಯಿತ್ತು. ಪತ್ರವನ್ನು ಫೈಲಿನ ತಳಕ್ಕೆ ಸೇರಿಸಿ ಮಜ್ಜಿಗೆ ಕುಡಿದೆ. ಮೂರನೆಯ ದಿನ ಜೀಪಿನಲ್ಲಿ ಅಧಿಕಾರಿಯೇ ಬಂದರು.

ದಾಖಲೆ ಕೊಠಡಿಯ ಬಾಗಿಲು ತೆರೆದರೆ ಬನಿಯನ್ನು, ಒದ್ದೆ ಟವಲು, ಬೆವರಿನಲ್ಲಿ ಮಿಂದ ರಾಮಲಿಂಗ.

‘ಆನಿ ಎಲ್ಲೈತ್ರಿ?’ ಎಂದರು ಅಧಿಕಾರಿ. ನೋಡಿ, ಅವರೂ ಆನಿ ಎಂದೇ ಅಂದರು.

‘ಆನಿ ಇಲ್ರಿ ಸಾಹೇಬ್ರ,’ ಎಂದ ರಾಮಲಿಂಗ. ‘ನಮ್ಮ ಅವ್ವ ಅದಾಳ್ರಿ. ಇನ್ನಾ ಬಂದಿಲ್ರಿ. ನಾಳಿ ಬರ್ತಾಳ.’

ತಮ್ಮನ್ನು ಗೇಲಿ ಮಾಡುತ್ತಿದ್ದಾನೆಂದು ಅಧಿಕಾರಿಯ ಮುಖ ಕೆಂಪಾಯಿತು. ನನ್ನ ಕಡೆ ತಿರುಗಿದರು.

‘ಇದನ್ನ ಆನೆ ಯಂತ್ರ ಅಂತ ಬರದವ್ರು ಯಾರ್ರಿ?’

‘ಅರ್ಜಿದಾರರು ಕೊಟ್ಟ ಪದಾನೇ ಸರ್,’ ಎಂದೆ.

ರಾಮಲಿಂಗ ನನ್ನನ್ನು ನೋಡಿದ. ಬಾಯಿ ತೆರೆದ. ಕೈಯಲ್ಲಿದ್ದ ಹಾಳೆಗಳ ಕಟ್ಟನ್ನೊಮ್ಮೆ ನೋಡಿಕೊಂಡು ಬಾಯಿ ಮುಚ್ಚಿದ. ಯಾಕೆಂದು ನನಗೆ ಅಂದು ತಿಳಿಯಲಿಲ್ಲ.

ಸಂಜೆಯೊಳಗೆ ಕೊಠಡಿ ಖಾಲಿಯಾಗಬೇಕು ಎಂದು ಅಪ್ಪಣೆಯಾಯಿತು. ಎಂದೂ ಎದ್ದು ನೀರು ಕುಡಿಯದ ನಮ್ಮ ಸಿಬ್ಬಂದಿ ಅಂದು ಎಂಥ ಚುರುಕು! ಸ್ಟ್ಯಾಂಡನ್ನು ಎತ್ತಿ ಅಂಗಳಕ್ಕೆ ಒಗೆದರು. ಕಂಬ ಬಾಗಿತು, ಗಾಜು ಪುಡಿಯಾಯಿತು. ಹಾಳೆಗಳ ಕಟ್ಟುಗಳನ್ನು ಅದರ ಮೇಲೆ ಎಸೆದರು. ರಾಮಲಿಂಗ ಮೈನುದ್ದೀನನ ಗಾಡಿ ತರಲು ಓಡಿದ. ಅವನು ಬರುವ ಮೊದಲೇ ಮಿರಗದ, ಅಂದರೆ ಮೃಗಶಿರದ, ಮೊದಲ ಮಳೆ ಬಂತು. ನಾನು ವರಾಂಡದಲ್ಲಿ ನಿಂತು ನೋಡಿದೆ. ಹತ್ತು ಹೆಜ್ಜೆ ಇಳಿದಿದ್ದರೆ ಹಾಳೆಗಳು ಉಳಿಯುತ್ತಿದ್ದವು. ಇಳಿಯಲಿಲ್ಲ. ನನ್ನ ನಡಿಗೆ ನೋಡಿ ನಕ್ಕವರ ನೆನಪು ನನ್ನ ಕಾಲು ಹಿಡಿದಿತ್ತು. ಆರುನೂರಕ್ಕೂ ಹೆಚ್ಚು ಹಾಳೆಗಳ ಶಾಯಿ ಅಂಗಳದಲ್ಲಿ ಹರಿದುಹೋಯಿತು.

ನನ್ನ ಬೀಳ್ಕೊಡುಗೆ ಸಭೆ ಆಯಿತು. ಕನ್ನಡದ ಬಗ್ಗೆ ಮೂವರು ಹೊಗಳಿದರು. ನಾನು ಕೇಳಿಸಿಕೊಂಡೆ, ನಾಚಿಕೆಯಾಯಿತು, ಶಾಲು ಹೊದ್ದು ಮನೆಗೆ ಬಂದೆ.

ರಾಮಲಿಂಗ ಹಾಳಾದ ಹಾಳೆಗಳನ್ನು ಮತ್ತೆ ಬಿಡಿಸಿದ. ಕಂಬ ನೆಟ್ಟಗೆ ಮಾಡಿಸಿ ಮೈನುದ್ದೀನನ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ನಿಲ್ಲಿಸಿದ. ಮೊದಲಿನಿಂದ ಎಲ್ಲವನ್ನೂ ಮತ್ತೆ ಹೊಡೆದ. ಡಿಸೆಂಬರಿನಲ್ಲಿ ಮುಗಿಯಿತು. ಮರಿಲಿಂಗಮ್ಮನ ಕಣ್ಣು ದಸರೆಗೇ ಹೋಗಿದ್ದವು.

ಒಂದು ಮಧ್ಯಾಹ್ನ ಮೈನುದ್ದೀನ ನನ್ನ ಮನೆಗೆ ಬಂದ. ‘ಪಿಚ್ಚರ್ ತಯಾರಾಗ್ಯಾದ್ರಿ ಸಾಹೇಬ್ರ. ರಾಮಲಿಂಗ ಕರದಾನ, ಬರ್ರಿ.’ ಹೋಗದೇ ಇರಲು ಎಂಟು ಕಾರಣ ಯೋಚಿಸಿ, ಒಂಬತ್ತನೆಯದು ಸಿಗದೆ ಹೊರಟೆ.

ಮೈನುದ್ದೀನ ನನ್ನನ್ನು ರಾಮಲಿಂಗನ ಮನೆ ಬಾಗಿಲಿಗೆ ಬಿಟ್ಟು ಸ್ಟುಡಿಯೋಗೆ ಹೋದ. ಗಿರಣಿ ಓಡುತ್ತಿತ್ತು. ಮುದುಕಿ ಹೊರಸಿನ ಮೇಲೆ ಟಿವಿಗೆ ಮುಖ ಮಾಡಿ ಕೂತಿದ್ದಳು. ಸಿನಿಮಾ ಶುರುವಾಯಿತು. ಕೋಟೆ, ಕಾಲುದಾರಿ, ಬೇವಿನ ಮರ. ಮರದಾಚೆಯಿಂದ ಒಂದು ಚುಕ್ಕೆ ಹೊರಟಿತು. ಚುಕ್ಕೆ ಹೊರೆಯಾಯಿತು, ಹೊರೆಯ ಕೆಳಗೆ ಹೆಂಗಸು. ನಾನು ಅವಳನ್ನು ವಯಸ್ಸಿನಲ್ಲಿ ಎಂದೂ ಕಂಡವನಲ್ಲ. ಆದರೂ ನನ್ನ ಬಾಯಿಂದ ‘ಮರಿಲಿಂಗಮ್ಮ ಬಂದ್ಳು’ ಎಂದು ಬಂದುಬಿಟ್ಟಿತು.

ಅವಳ ಬಲಗಾಲು ನೆಲಕ್ಕೆ ಊರುವಾಗ ಒಂದು ಗಳಿಗೆ ಪಾದದ ಸುತ್ತ ಕೆಂಪಗೆ ಏನೋ ಹೊಳೆದು ಮಾಯವಾಯಿತು.

‘ಅದೇನು ಕೆಂಪು?’ ಎಂದೆ.

‘ನಿಮ್ಮ ಶಾಯಿ ಅದ್ರಿ ಸರ್ರ,’ ಎಂದ ರಾಮಲಿಂಗ. ‘ನೀವು ತಿದ್ದಿದ ಅರ್ಜಿ. ಹಿಂದ ಖಾಲಿ ಇತ್ತಲ್ರಿ, ಅದರ ಮ್ಯಾಲೂ ಅವ್ವನ್ನ ಬಿಡಿಸಿದ್ದೆ. ಮಳ್ಯಾಗ ತೋಯ್ದು ನಿಮ್ಮ ಸುತ್ತು ಈ ಕಡಿ ಹಾಯ್ದಾದ.’

ಅಂದರೆ ಆ ದಿನ ಆ ಹಾಳೆ ಅವನ ಕೈಯಲ್ಲೇ ಇತ್ತು. ಅದನ್ನು ಅಧಿಕಾರಿಗೆ ತೋರಿಸಿದ್ದರೆ ಯಾರ ತಪ್ಪು ಎಂಬುದು ಅಲ್ಲೇ ಮುಗಿಯುತ್ತಿತ್ತು.

‘ಅವತ್ತು ಯಾಕ ತೋರಿಸಲಿಲ್ಲೋ?’

‘ತೋರಿಸಿದ್ರ ಫೈಲಿಗಿ ಹಾಕ್ತಿದ್ರಿ. ಅದರ ಮ್ಯಾಲ ಅವ್ವನ ಕಾಲು ಇತ್ತಲ್ರಿ. ಹೆಂಗ ಕೊಡ್ಲಿ?’

ಹೊರಸಿನ ಮೇಲಿಂದ ಮುದುಕಿ ಕೇಳಿದಳು. ‘ಯಾರರೆ ಹೇಳ್ರಪ್ಪಾ. ನಾ ಬಂದ್ನೇನು?’

ರಾಮಲಿಂಗ ಗೋಡೆಯ ಕಡೆ ತಿರುಗಿದ್ದ. ದುರ್ಗಾ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಹೇಳಲು ನಾನೇ ಉಳಿದಿದ್ದೆ. ಹೊರಸಿನ ಹತ್ತಿರ ಕುಕ್ಕರುಗಾಲಲ್ಲಿ ಕೂತೆ.

‘ಬಂದಿ, ಯವ್ವಾ. ನಡ್ಯಾಕತ್ತಿ.’

‘ಹೊರಿ?’

‘ಹೊರಿ ಅಳ್ಳಾಡವಲ್ದು. ಕೈ ಬೀಸ್ಯಾಡಕೋತ ಹೊಂಟಿ.’

‘ಅವತ್ತಿನಂಗ ಹೆಡ್ ಕ್ಲಾರ್ಕನ ನಡಿಗಿ ಅಲ್ಲಲ್ಲಾ?’

‘ಅಲ್ಲ ಬಿಡು ಯವ್ವಾ. ಆ ಮನಿಷ್ಯಾಗ ಹಿಂಗ ನಡಿಯಾಕ ಏಳು ಜನ್ಮಕ್ಕೂ ಬರಂಗಿಲ್ಲ.’

ಮುದುಕಿ ನಕ್ಕಳು. ಟಿವಿಯಲ್ಲಿ ಅವಳು ನಮ್ಮ ಪಕ್ಕವೇ ಹಾದು, ಬೆನ್ನು ತೋರಿಸಿ ದಾರಿಯ ತಿರುವಿನ ಕಡೆ ಹೊರಟಿದ್ದಳು.

‘ಎಲ್ಲಿಗಿ ಹೊಂಟೀನಿ?’ ಎಂದು ಕೇಳಿದಳು.

‘ಮನಿಗಿ,’ ಎಂದೆ.